ಅಮೆರಿಕದ ಅಂತರ್ಯುದ್ಧ: ಲೀ ದೇಶಭಕ್ತನಾ, ಥಾಮಸ್ ದೇಶಭಕ್ತನಾ?

ಜೇಮ್ಸ್ ನದಿ ದಂಡೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಬಹುಪಾಲು ಕಾಲ, ಒಕ್ಕೂಟ (ಅಂದರೆ ಅಮೆರಿಕ ಸಂಯುಕ್ತ ಸಂಸ್ಥಾನ, ಯುದ್ಧದಲ್ಲಿ ಉತ್ತರದ ಕಡೆ) ಬಿಟ್ಟುಹೋದ ದಕ್ಷಿಣದ 11 ರಾಜ್ಯಗಳಿಗೆ ಇದೇ ಊರು ರಾಜಧಾನಿಯಾಗಿತ್ತು. ದಕ್ಷಿಣದ ಸೇನೆಯನ್ನು ನಡೆಸಿದ ಜನರಲ್ ರಾಬರ್ಟ್ ಇ. ಲೀಗೆ ಇಲ್ಲಿ 1890ರಲ್ಲಿ ನಿಲ್ಲಿಸಿದ್ದ ಪ್ರತಿಮೆಯನ್ನು 2021ರ ಸೆಪ್ಟೆಂಬರ್‌ನಲ್ಲಿ ಕೆಳಗಿಳಿಸಿದರು. ಜಗಳ ಮಾತ್ರ ಇನ್ನೂ ನಿಂತಿಲ್ಲ. ನಮ್ಮ ಕನ್ನಡದ ಗೆಳೆಯರ ನಡುವೆಯೇ ಜೋರು ವಾದ ನಡೆಯಿತು. ಒಬ್ಬರು ಲೀ ದೇಶದ್ರೋಹಿ ಅಂದರು. ಇನ್ನೊಬ್ಬರು ಅವನು ತನ್ನ ನೆಲಕ್ಕಾಗಿ ನಿಂತವನು ಅಂದರು.

ನನಗೆ ಲೀ ಒಬ್ಬನನ್ನೇ ನೋಡುವುದಕ್ಕಿಂತ ಅವನ ಪಕ್ಕದಲ್ಲಿ ಜಾರ್ಜ್ ಹೆನ್ರಿ ಥಾಮಸ್‌ನನ್ನು ಇಟ್ಟು ನೋಡುವುದು ಸರಿ ಅನಿಸುತ್ತದೆ. ಇಬ್ಬರೂ ವರ್ಜೀನಿಯಾದವರು. ಇಬ್ಬರೂ ವೆಸ್ಟ್ ಪಾಯಿಂಟ್ ಸೇನಾ ಶಾಲೆಯಲ್ಲಿ ಓದಿದವರು. ಯುದ್ಧಕ್ಕೆ ಮೊದಲು ಇಬ್ಬರೂ ಒಂದೇ ಕುದುರೆ ದಳದಲ್ಲಿ ಅಧಿಕಾರಿಗಳು. ಇಬ್ಬರ ಮನೆಯಲ್ಲೂ ಗುಲಾಮರಿದ್ದರು. 1861ರ ಏಪ್ರಿಲ್ 17ರಂದು ವರ್ಜೀನಿಯಾ ಒಕ್ಕೂಟ ಬಿಡುವುದಕ್ಕೆ ಮತ ಹಾಕಿತು. ಮಾರನೇ ದಿನ ಒಕ್ಕೂಟದ ದೊಡ್ಡ ಸೇನೆಯ ನಾಯಕತ್ವ ಲೀಯನ್ನು ಹುಡುಕಿಕೊಂಡು ಬಂತು. ಅವನು ಒಲ್ಲೆ ಅಂದ. ಏಪ್ರಿಲ್ 20ಕ್ಕೆ ರಾಜೀನಾಮೆ ಬರೆದುಕೊಟ್ಟ. ಥಾಮಸ್ ಒಕ್ಕೂಟದಲ್ಲೇ ಉಳಿದ. ಅವನ ಅಕ್ಕತಂಗಿಯರು ಅವನ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿಟ್ಟರಂತೆ. ನಮಗೆ ಅಣ್ಣತಮ್ಮ ಯಾರೂ ಇಲ್ಲ ಅಂತ ಕೊನೆಯವರೆಗೂ ಹೇಳುತ್ತಿದ್ದರಂತೆ.

ಇಬ್ಬರಲ್ಲಿ ದೇಶಭಕ್ತ ಯಾರು? ಸುಮ್ನೆ ಬೈದುಹೋಗಬೇಡಿ, ಕಾರಣ ಕೊಟ್ಟು ಬರೆಯಿರಿ.

ಹಳೇ ಮೈಸೂರು

ಸರ್, ಲೀ ನನ್ನ ಪ್ರಕಾರ ದ್ರೋಹಿ ಅಲ್ಲ. ಈಗಿನ ಅಮೆರಿಕವನ್ನು ಕಣ್ಮುಂದೆ ಇಟ್ಟುಕೊಂಡು 1861ನ್ನು ಅಳೆಯಬಾರದು. ಆಗ ಒಬ್ಬ ಸಾಮಾನ್ಯ ರೈತನಿಗೆ ವಾಷಿಂಗ್ಟನ್ ಸರ್ಕಾರ ಕಣ್ಣಿಗೆ ಬೀಳುತ್ತಿದ್ದುದು ಅಂಚೆ ಕಚೇರಿಯಲ್ಲಿ ಮಾತ್ರ. ಒಕ್ಕೂಟಕ್ಕೆ ಆದಾಯ ತೆರಿಗೆ ಕಟ್ಟುವ ಪದ್ಧತಿ ಇರಲಿಲ್ಲ. ದೇಶಕ್ಕೆಲ್ಲ ಒಂದೇ ಕಾಗದದ ನೋಟು ಇರಲಿಲ್ಲ. ಇಡೀ ದೇಶದ ಕಾಯಂ ಸೇನೆ ಸುಮಾರು 16,000 ಜನ. ಕೋರ್ಟು, ಚರ್ಚು, ಜಮೀನು, ನೆಂಟರು ಎಲ್ಲವೂ ರಾಜ್ಯದೊಳಗೇ. ಲೀಯ ಅಪ್ಪ ವರ್ಜೀನಿಯಾದ ಗವರ್ನರ್ ಆಗಿದ್ದವರು. ಅಂಥವನಿಗೆ ಅವನ ರಾಜ್ಯವೇ ದೇಶ. ಇದು ನಾಟಕ ಅಲ್ಲ.

1861ರ ಜನವರಿಯಲ್ಲಿ ಅವನು ಮಗನಿಗೆ ಬರೆದ ಪತ್ರ ಓದಿ. ಒಕ್ಕೂಟ ಒಡೆಯುವುದಕ್ಕಿಂತ ದೊಡ್ಡ ವಿಪತ್ತು ಈ ದೇಶಕ್ಕೆ ಬೇರೆ ಇಲ್ಲ ಅಂತ ಬರೆದಿದ್ದಾನೆ. ಕತ್ತಿ, ಬಯೊನೆಟ್ಟುಗಳಿಂದ ಮಾತ್ರ ಹಿಡಿದಿಟ್ಟುಕೊಳ್ಳಬೇಕಾದ ಒಕ್ಕೂಟ ತನ್ನ ಮನಸ್ಸಿಗೆ ಹಿಡಿಸುವುದಿಲ್ಲ ಅಂತಲೂ ಅದೇ ಪತ್ರದಲ್ಲಿ ಬರೆದಿದ್ದಾನೆ. ಇದರಲ್ಲಿ ತಪ್ಪೇನು? ಒಲ್ಲೆ ಅಂದವರನ್ನು ಬಡಿದು ಜೊತೆಗಿಟ್ಟುಕೊಂಡರೆ ಅದು ಒಗ್ಗಟ್ಟಾ? 1776ರಲ್ಲಿ ಬ್ರಿಟನ್ನಿನಿಂದ ಬಿಡಿಸಿಕೊಂಡು ಬಂದವರಿಗೆ, ಬಿಟ್ಟುಹೋಗುವ ಹಕ್ಕು ಬೇರೆ ಯಾರಿಗೂ ಇಲ್ಲ ಅಂತ ಹೇಳುವ ಬಾಯಿ ಎಲ್ಲಿಂದ ಬಂತು?

ಕಾನೂನು ಪುಸ್ತಕ

ಹಳೇ ಮೈಸೂರು ಅವರೇ, ಒಲ್ಲೆ ಅಂದವರು ಯಾರು? ಮೊದಲು ಅದನ್ನು ಹೇಳಿ.

ಮೊದಲು ಒಕ್ಕೂಟ ಬಿಟ್ಟಿದ್ದು ದಕ್ಷಿಣ ಕೆರೊಲಿನಾ, 1860ರ ಡಿಸೆಂಬರ್ 20ರಂದು. ಅದೇ ವರ್ಷದ ಜನಗಣತಿ ನೋಡಿ. ಆ ರಾಜ್ಯದ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಗುಲಾಮರು. ಮಿಸಿಸಿಪ್ಪಿಯಲ್ಲೂ ಅದೇ ಕಥೆ. ಅಂದರೆ ರಾಜ್ಯದ ಬಹುಮತವನ್ನು ಯಾರೂ ಕೇಳಲೇ ಇಲ್ಲ. ಅವರಿಗೆ ಮತ ಇಲ್ಲ, ಹೆಸರಿಲ್ಲ, ಹೆತ್ತ ಮಗುವಿನ ಮೇಲೂ ಹಕ್ಕಿಲ್ಲ. 'ರಾಜ್ಯದ ಜನ ತೀರ್ಮಾನ ಮಾಡಿದರು' ಅನ್ನುವುದು ಹೇಗೆ ಸರಿಯಾಗುತ್ತದೆ?

ಬಿಟ್ಟುಹೋದ ಕಾರಣವನ್ನು ಅವರೇ ಬರೆದಿಟ್ಟಿದ್ದಾರೆ. ನಮ್ಮ ನಿಲುವು ಗುಲಾಮಗಿರಿಯ ಪದ್ಧತಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಅಂತ ಮಿಸಿಸಿಪ್ಪಿಯ ಘೋಷಣೆಯ ಆರಂಭದಲ್ಲೇ ಇದೆ. ದಕ್ಷಿಣದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾ ಊರಿನಲ್ಲಿ ಭಾಷಣ ಮಾಡಿ, ಕರಿಯ ಮನುಷ್ಯ ಬಿಳಿಯನಿಗೆ ಸಮ ಅಲ್ಲ ಅನ್ನುವುದೇ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಅಂದ. ಯುದ್ಧ ಸೋತ ಮೇಲೆ ಎಲ್ಲರೂ 'ರಾಜ್ಯಗಳ ಹಕ್ಕು' ಅಂತ ಮಾತು ಬದಲಿಸಿದರು.

ಆ ರಾಜ್ಯಗಳ ಹಕ್ಕಾದರೂ ಎಂಥದ್ದು? ದಕ್ಷಿಣ ಕೆರೊಲಿನಾದ ಘೋಷಣೆಯ ದೊಡ್ಡ ದೂರು ಏನು ಗೊತ್ತಾ? ಓಡಿಬಂದ ಗುಲಾಮರನ್ನು ಹಿಡಿದುಕೊಡದ ಹಾಗೆ ಉತ್ತರದ ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡಿವೆ ಅನ್ನುವುದು. ಅಂದರೆ ಉತ್ತರದ ರಾಜ್ಯಗಳಿಗೆ ಹಕ್ಕು ಬೇಡ, ತಮಗೆ ಮಾತ್ರ ಬೇಕು. ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಕಾನೂನು ಮಾಡಬಾರದು ಅಂತ ದಕ್ಷಿಣದ ಹೊಸ ಸಂವಿಧಾನದಲ್ಲೇ ಬರೆದುಕೊಂಡರು.

ಬೆಳ್ಳಂದೂರು ಬಸ್ಸು

ಸರ್, ಒಕ್ಕೂಟದ ಅಧ್ಯಕ್ಷ ಲಿಂಕನ್ ಏನು ಕಮ್ಮಿ? ಪತ್ರಿಕೆ ಸಂಪಾದಕ ಹೊರೇಸ್ ಗ್ರೀಲಿಗೆ ಬರೆದ ಪತ್ರದಲ್ಲಿ, ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೇ ಮಾಡುತ್ತೇನೆ ಅಂದಿದ್ದಾನೆ. ಅವನಿಗೂ ದೇಶ ಒಂದಾಗಿ ಉಳಿದರೆ ಸಾಕಿತ್ತು. ಒಳಗಿರುವವರು ಹೇಗಿದ್ದರೇನು? ಹಾಗಿದ್ದಮೇಲೆ ಎರಡು ಕಡೆಯವರೂ ಒಂದೇ ಅಲ್ವಾ?

ಜೇಮ್ಸ್ ನದಿ ದಂಡೆ

ಆ ಪತ್ರ 1862ರ ಆಗಸ್ಟ್ 22ರದು. ಅದಕ್ಕೆ ಒಂದು ತಿಂಗಳು ಮೊದಲೇ, ಜುಲೈ 22ರಂದು, ಗುಲಾಮರ ಬಿಡುಗಡೆಯ ಕರಡನ್ನು ಲಿಂಕನ್ ತನ್ನ ಮಂತ್ರಿಗಳ ಮುಂದೆ ಓದಿಯಾಗಿತ್ತು. ಯುದ್ಧದಲ್ಲಿ ಒಂದು ಗೆಲುವು ಸಿಗಲಿ, ಆಮೇಲೆ ಹೊರಗೆ ಹೇಳೋಣ, ಇಲ್ಲದಿದ್ದರೆ ಸೋಲುವವರ ಕೂಗಿನ ಹಾಗೆ ಕೇಳಿಸುತ್ತದೆ ಅಂತ ಮಂತ್ರಿ ಸೀವರ್ಡ್ ಸಲಹೆ ಕೊಟ್ಟಿದ್ದ. ಸೆಪ್ಟೆಂಬರ್ 17ರಂದು ಆ್ಯಂಟೀಟಮ್ ಕಾಳಗ ನಡೆದು ಲೀಯ ಸೇನೆ ಹಿಂದೆ ಸರಿಯಿತು, 22ಕ್ಕೆ ಘೋಷಣೆ ಹೊರಬಿತ್ತು. ಗ್ರೀಲಿಗೆ ಬರೆದ ಪತ್ರ ಉತ್ತರದ ಜನರನ್ನು ಅದಕ್ಕೆ ಸಿದ್ಧ ಮಾಡುವ ಕೆಲಸ ಮಾಡಿತು. ಅದನ್ನು ಓದುವಾಗ ಈ ತಾರೀಖುಗಳನ್ನು ಬಿಡಬೇಡಿ.

ಆದರೆ ನಿಮ್ಮ ಮಾತಿನಲ್ಲಿ ಒಂದು ನಿಜ ಇದೆ. ಉತ್ತರದ ಲಕ್ಷಾಂತರ ಬಿಳಿಯ ಸಿಪಾಯಿಗಳು ಸೇನೆಗೆ ಸೇರಿದ್ದು ಒಕ್ಕೂಟಕ್ಕಾಗಿ, ಗುಲಾಮರಿಗಾಗಿ ಅಲ್ಲ. ಆ ಭಕ್ತಿಯನ್ನು ನಾನು ಹಗುರವಾಗಿ ನೋಡುವುದಿಲ್ಲ. 1861ರ ಜುಲೈ 4ರಂದು ಲಿಂಕನ್ ಸಂಸತ್ತಿಗೆ ಕಳಿಸಿದ ಸಂದೇಶದ ತಿರುಳು ಇಷ್ಟೆ: ಚುನಾವಣೆಯಲ್ಲಿ ಸೋತವರು ಬಂದೂಕು ಹಿಡಿದು ಎದ್ದುಹೋಗುವುದಾದರೆ, ಜನರೇ ನಡೆಸುವ ಸರ್ಕಾರ ಎಲ್ಲಿಯೂ ಬದುಕುವುದಿಲ್ಲ. 1848ರ ಕ್ರಾಂತಿ ಸೋತು ಜರ್ಮನಿಯಿಂದ ಓಡಿಬಂದಿದ್ದ ಕಾರ್ಲ್ ಶುರ್ಜ್ ಥರದವರಿಗೆ ಈ ಮಾತು ಎದೆಗೆ ನಾಟಿತು. ಅವರಿಗೆ ಅಮೆರಿಕ ಹುಟ್ಟಿದ ನೆಲ ಅಲ್ಲ, ಪೂರ್ವಜರ ಸಮಾಧಿ ಇದ್ದ ಜಾಗವೂ ಅಲ್ಲ. ರಾಜನಿಲ್ಲದ ದೇಶ ಒಂದು ಉಳಿಯಲಿ ಅಂತ ಅವರು ಬಂದೂಕು ಹಿಡಿದರು. ಲೀಯ ನೆಲದ ಪ್ರೀತಿಗೂ ಇದಕ್ಕೂ ಎಷ್ಟು ದೂರ ನೋಡಿ.

ಶಿವಮೊಗ್ಗ ಟೀಚರ್

ಇಷ್ಟು ಹೊತ್ತು ಎಲ್ಲರೂ ಬಿಳಿಯರ ದೇಶಭಕ್ತಿಯ ಬಗ್ಗೆಯೇ ಮಾತಾಡಿದಿರಿ. ಈ ಯುದ್ಧದಲ್ಲಿ ದೇಶ ಅಂದರೆ ಏನು ಅಂತ ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವರು, ದೇಶವೇ ತನ್ನವರಲ್ಲ ಅಂದಿದ್ದ ಜನ. 1857ರಲ್ಲಿ, ಬಿಡುಗಡೆ ಕೇಳಿ ಕೋರ್ಟಿಗೆ ಹೋದ ಗುಲಾಮ ಡ್ರೆಡ್ ಸ್ಕಾಟ್ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ, ಕರಿಯರು ಈ ದೇಶದ ಪೌರರಾಗಲು ಸಾಧ್ಯವಿಲ್ಲ ಅಂತ ತೀರ್ಪು ಕೊಟ್ಟಿತ್ತು. ಅದಾಗಿ ಆರೇ ವರ್ಷಕ್ಕೆ ಅದೇ ಜನರನ್ನು ಬಂದೂಕು ಹಿಡಿಯಿರಿ ಅಂತ ಕರೆಯಬೇಕಾಯಿತು.

ಕರೆದವರಲ್ಲಿ ಮುಖ್ಯರಾದವರು ಫ್ರೆಡರಿಕ್ ಡಗ್ಲಸ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ನಿಮ್ಮ ಸ್ವಾತಂತ್ರ್ಯ ದಿನ ಗುಲಾಮನಿಗೆ ಏನು ಅಂತ 1852ರಲ್ಲಿ ರೋಚೆಸ್ಟರ್ ಊರಿನಲ್ಲಿ ಬಿಳಿಯರ ಮುಖಕ್ಕೇ ಕೇಳಿದ್ದವರು. 1862ರ ಆಗಸ್ಟ್‌ನಲ್ಲಿ ಲಿಂಕನ್ ಕೆಲವು ಕರಿಯ ಮುಖಂಡರನ್ನು ಕರೆಸಿ, ನಿಮ್ಮ ಜನ ಈ ದೇಶ ಬಿಟ್ಟು ಬೇರೆ ಕಡೆ ನೆಲೆಸುವುದು ಒಳ್ಳೆಯದು ಅಂತ ಹೇಳಿದಾಗ ಡಗ್ಲಸ್ ಕೆಂಡಾಮಂಡಲರಾದರು. ಆದರೂ 1863ರಲ್ಲಿ ಊರೂರು ಸುತ್ತಿ ಸೇನೆಗೆ ಜನ ಸೇರಿಸಿದರು. ಸ್ವಂತ ಮಕ್ಕಳಾದ ಲೂಯಿಸ್ ಮತ್ತು ಚಾರ್ಲ್ಸ್ ಅವರನ್ನೂ ಕಳಿಸಿದರು. ಅವರು ಇಟ್ಟಿದ್ದ ಲೆಕ್ಕ ಸರಳ. ಮೈಮೇಲೆ ಸಿಪಾಯಿ ಅಂಗಿ, ಹೆಗಲ ಮೇಲೆ ಬಂದೂಕು ಬಂದಮೇಲೆ ಆ ಮನುಷ್ಯನನ್ನು ಪೌರ ಅಲ್ಲ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಆ ದೇಶ ಹೇಗೆ ನಡೆದುಕೊಂಡಿತು ಅಂತ ಕೇಳಿ. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಕರಿಯ ಸಿಪಾಯಿಗೆ 10 ಡಾಲರ್, ಅದರಲ್ಲೂ ಬಟ್ಟೆಯ ಬಾಬ್ತು 3 ಡಾಲರ್ ಹಿಡಿದುಕೊಳ್ಳುತ್ತಿದ್ದರು. ಕೈಗೆ ಬರುವುದು 7. ಮಸಾಚುಸೆಟ್ಸ್‌ನ 54ನೇ ದಳದವರು ಅದನ್ನು ಮುಟ್ಟಲಿಲ್ಲ. ಉಳಿದದ್ದನ್ನು ನಾವು ಕೊಡುತ್ತೇವೆ ಅಂತ ಅವರ ರಾಜ್ಯ ಮುಂದೆ ಬಂದರೂ ಒಪ್ಪಲಿಲ್ಲ. ಹಣ ಎಲ್ಲಿಂದಾದರೂ ಬರಲಿ ಅನ್ನುವ ಜನ ಅವರಾಗಿರಲಿಲ್ಲ. ದೇಶವೇ ತಮ್ಮನ್ನು ಸಮ ಅಂತ ಒಪ್ಪಿ ಕೊಡಬೇಕಿತ್ತು. ಸಂಬಳವಿಲ್ಲದೆ ಯುದ್ಧ ಮಾಡಿದರು. ಮನೆಯಲ್ಲಿ ಹೆಂಡತಿ ಮಕ್ಕಳು ಹಸಿದಿದ್ದರು. ಕಾರ್ಪೊರಲ್ ಜೇಮ್ಸ್ ಹೆನ್ರಿ ಗುಡಿಂಗ್ 1863ರ ಸೆಪ್ಟೆಂಬರ್‌ನಲ್ಲಿ ನೇರವಾಗಿ ಲಿಂಕನ್‌ಗೇ ಪತ್ರ ಬರೆದು, ಸಿಪಾಯಿಯ ಕೆಲಸ ಮಾಡಿದ್ದೇವೆ, ಸಿಪಾಯಿಯ ಸಂಬಳ ಯಾಕಿಲ್ಲ ಅಂತ ಕೇಳಿದರು. ಮುಂದೆ ಸೆರೆ ಸಿಕ್ಕು ದಕ್ಷಿಣದವರ ಆಂಡರ್ಸನ್‌ವಿಲ್ ಬಂದೀಖಾನೆಯಲ್ಲಿ ಸತ್ತರು. ಇನ್ನೊಂದು ಕರಿಯ ದಳದ ಸಾರ್ಜೆಂಟ್ ವಿಲಿಯಂ ವಾಕರ್ ಸಮಾನ ಸಂಬಳ ಕೇಳಿ, ತನ್ನ ಜನರ ಬಂದೂಕುಗಳನ್ನು ಅಧಿಕಾರಿಯ ಡೇರೆಯ ಮುಂದೆ ಒಟ್ಟಿಸಿಟ್ಟರು. ದಂಗೆ ಅಂತ ಆರೋಪ ಹೊರಿಸಿ 1864ರ ಫೆಬ್ರವರಿ 29ರಂದು ಅವರನ್ನು ಗುಂಡಿಟ್ಟು ಕೊಂದರು. ಕೊಂದಿದ್ದು ಒಕ್ಕೂಟದ ಸೇನೆ. ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸಮಾನ ಸಂಬಳಕ್ಕೆ ಒಪ್ಪಿದ್ದು ಅದೇ ವರ್ಷದ ಜೂನ್‌ನಲ್ಲಿ, ಮೂರೂವರೆ ತಿಂಗಳು ಕಳೆದು.

ಇನ್ನೊಂದು ವಾರದ ಕಥೆ ಹೇಳುತ್ತೇನೆ. 1863ರ ಜುಲೈ 13ರಿಂದ 16. ನ್ಯೂಯಾರ್ಕ್‌ನಲ್ಲಿ ಕಡ್ಡಾಯ ಸೈನಿಕ ಸೇವೆಯ ವಿರುದ್ಧ ದಂಗೆ. 300 ಡಾಲರ್ ಕಟ್ಟಿದವನಿಗೆ ವಿನಾಯಿತಿ ಇತ್ತು, ಬಡವರ ಸಿಟ್ಟಿಗೆ ಕಾರಣವಿತ್ತು. ಆ ಸಿಟ್ಟು ಕರಿಯರ ಮೇಲೆ ತಿರುಗಿತು. ಸಿಕ್ಕವರನ್ನು ಬೀದಿಯಲ್ಲಿ ನೇಣು ಹಾಕಿದರು. ಕರಿಯ ಅನಾಥ ಮಕ್ಕಳ ಆಶ್ರಮಕ್ಕೆ ಬೆಂಕಿ ಇಟ್ಟರು. ಒಳಗಿದ್ದ 200ಕ್ಕೂ ಹೆಚ್ಚು ಮಕ್ಕಳನ್ನು ಹಿಂದಿನ ಬಾಗಿಲಿನಿಂದ ಹೊರಗೆ ಸಾಗಿಸಿದ್ದರಿಂದ ಜೀವ ಉಳಿಯಿತು. ಎರಡೇ ದಿನ ಬಿಟ್ಟು, ಜುಲೈ 18ರ ಸಂಜೆ, 54ನೇ ದಳದ ಕರಿಯ ಸಿಪಾಯಿಗಳು ದಕ್ಷಿಣದವರ ಫೋರ್ಟ್ ವ್ಯಾಗ್ನರ್ ಕೋಟೆಯ ಮೇಲೆ ಗುಂಡಿನ ಮಳೆಯಲ್ಲಿ ನುಗ್ಗಿದರು. ಬಾವುಟ ಹಿಡಿದವನು ಬಿದ್ದಾಗ ವಿಲಿಯಂ ಕಾರ್ನಿ ಅದನ್ನು ಎತ್ತಿಕೊಂಡರು. ಮೈಗೆ ಗುಂಡು ಬಿದ್ದರೂ ಕೆಳಗಿಡದೆ, ತೆವಳಿಕೊಂಡು ವಾಪಸು ತಂದರು. ಅದಕ್ಕೆ ಸೇನೆಯ ಅತಿ ದೊಡ್ಡ ಪದಕ ಅವರ ಕೈಗೆ ಬಂದಿದ್ದು 1900ರಲ್ಲಿ.

ಒಟ್ಟು ಸುಮಾರು 1,80,000 ಕರಿಯರು ಒಕ್ಕೂಟದ ಸೇನೆಯಲ್ಲಿ ದುಡಿದರು. ಅವರು ಪ್ರೀತಿಸಿದ್ದು ಇದ್ದ ಅಮೆರಿಕವನ್ನಲ್ಲ. ಕಾಗದದ ಮೇಲೆ ಮಾತು ಕೊಟ್ಟು ಉಳಿಸಿಕೊಳ್ಳದ ಅಮೆರಿಕದಿಂದ ಆ ಮಾತನ್ನು ವಸೂಲಿ ಮಾಡಲು ಹೊರಟಿದ್ದರು. ಬೇಕಾದವರು ಲೀ, ಥಾಮಸ್ ಅಂತ ತೂಗಿ ನೋಡಲಿ. ನಾನು ಗುಡಿಂಗ್ ಮತ್ತು ವಾಕರ್ ಹೆಸರು ಹೇಳುತ್ತೇನೆ.

ಬೆಳ್ಳಂದೂರು ಬಸ್ಸು

ಮೇಡಂ, ವಾಕರ್ ವಿಷಯ ಇವತ್ತೇ ಗೊತ್ತಾಗಿದ್ದು. ಸಂಬಳ ಕೇಳಿದ್ದಕ್ಕೆ ಕೊಲ್ಲುವುದಾ? ಮನಸ್ಸು ತಡೆಯಲಿಲ್ಲ.

ಮಂಗಳೂರು ಮಳೆ

ಟೀಚರ್ ಅಕ್ಕ ಬರೆದಿದ್ದು ಓದಿ ನನಗೆ ಇನ್ನೊಂದು ಮಾತು ಹೇಳಬೇಕು ಅನಿಸಿತು. ದೇಶ ಅಪಾಯದಲ್ಲಿದೆ ಅಂದಾಗ ಸರ್ಕಾರವನ್ನು ಟೀಕಿಸಿದರೆ ಅದು ದ್ರೋಹವಾ? ಈ ಯುದ್ಧದಲ್ಲಿ ಉತ್ತರವೂ ಈ ಪ್ರಶ್ನೆಯಲ್ಲಿ ಎಡವಿದೆ.

1861ರ ಸೆಪ್ಟೆಂಬರ್‌ನಲ್ಲಿ ಬಾಲ್ಟಿಮೋರ್‌ನ ಪತ್ರಿಕೆ ಸಂಪಾದಕ ಫ್ರಾಂಕ್ ಕೀ ಹೋವರ್ಡ್‌ನನ್ನು ವಿಚಾರಣೆ ಇಲ್ಲದೆ ಫೋರ್ಟ್ ಮೆಕ್‌ಹೆನ್ರಿ ಕೋಟೆಯಲ್ಲಿ ಕೂಡಿಹಾಕಿದರು. ಅಮೆರಿಕದ ರಾಷ್ಟ್ರಗೀತೆ ಬರೆದವನ ಮೊಮ್ಮಗ ಇವನು. 1814ರ ಸೆಪ್ಟೆಂಬರ್‌ನಲ್ಲಿ ಅದೇ ಕೋಟೆಯ ಮೇಲೆ ಬಾವುಟ ಹಾರುತ್ತಿರುವುದನ್ನು ನೋಡಿ ಅಜ್ಜ ಅದನ್ನು ಬರೆದಿದ್ದ. ಆಮೇಲೆ ಓಹಾಯೋದ ಕ್ಲೆಮೆಂಟ್ ವಲ್ಲಾಂಡಿಗಮ್. ಯುದ್ಧ ನಿಲ್ಲಿಸಿ, ಸಂಧಾನ ಮಾಡಿ, ಮೊದಲಿದ್ದ ಒಕ್ಕೂಟವೇ ಸಾಕು ಅನ್ನುವುದು ಅವನ ವಾದ. 1863ರ ಮೇ ತಿಂಗಳಲ್ಲಿ ಒಂದು ಭಾಷಣಕ್ಕಾಗಿ ಸೈನಿಕರು ರಾತ್ರಿ ಅವನ ಮನೆಯ ಬಾಗಿಲು ಒಡೆದು ಹಿಡಿದುಕೊಂಡು ಹೋದರು. ಸೇನಾ ನ್ಯಾಯಾಲಯದಲ್ಲಿ ಶಿಕ್ಷೆ ಆಯಿತು. ಲಿಂಕನ್ ಅವನನ್ನು ದಕ್ಷಿಣಕ್ಕೆ ಗಡೀಪಾರು ಮಾಡಿಸಿದ. ಅಲ್ಲಿಂದ ಕೆನಡಾ ಸೇರಿ, ಅಲ್ಲಿದ್ದುಕೊಂಡೇ ಓಹಾಯೋದ ಗವರ್ನರ್ ಚುನಾವಣೆಗೆ ನಿಂತು ಸೋತ.

ವಲ್ಲಾಂಡಿಗಮ್‌ನ ವಿಚಾರ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಅವನು ಕೇಳುತ್ತಿದ್ದ ಹಳೆಯ ಒಕ್ಕೂಟ ಅಂದರೆ ಗುಲಾಮಗಿರಿ ಇದ್ದ ಒಕ್ಕೂಟ. ಆದರೆ ಅವನು ಬಂದೂಕು ಹಿಡಿದಿರಲಿಲ್ಲ. ಮಾತಾಡಿದ, ಅಷ್ಟೇ. ಮಾತಾಡಿದವನನ್ನು ಸೇನಾ ನ್ಯಾಯಾಲಯಕ್ಕೆ ಎಳೆದರೆ ನಾವು ಉಳಿಸುತ್ತಿರುವುದು ಏನನ್ನು?

ಕಾನೂನು ಪುಸ್ತಕ

ಲಿಂಕನ್ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಸೇನೆ ಬಿಟ್ಟು ಓಡಿಹೋದ ಮುಗ್ಧ ಹುಡುಗನಿಗೆ ನಾನು ಗುಂಡು ಹೊಡೆಸಬೇಕು, ಓಡಿಹೋಗು ಅಂತ ಅವನ ತಲೆ ಕೆಡಿಸಿದ ಚಾಲಾಕಿಯ ಕೂದಲೂ ಕೊಂಕಬಾರದಾ ಅಂತ ಕೇಳಿದ. ಕೇಳಲು ಬಲವಾದ ವಾದ. ಕಾನೂನು ಓದಿದವನಾಗಿ ಹೇಳುತ್ತೇನೆ, ನನಗೆ ಸಾಲದು. ನಾಗರಿಕ ಕೋರ್ಟುಗಳು ಬಾಗಿಲು ತೆರೆದಿರುವ ಕಡೆ ಸಾಮಾನ್ಯ ಪೌರನನ್ನು ಸೇನಾ ನ್ಯಾಯಾಲಯ ವಿಚಾರಿಸುವಂತಿಲ್ಲ ಅಂತ 1866ರಲ್ಲಿ ಮಿಲಿಗನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೇಳಿದ್ದು ಯುದ್ಧ ಮುಗಿದಮೇಲೆ, ಅದು ಬೇರೆ ಮಾತು.

ಆದರೆ ಒಂದು ವಿಷಯವನ್ನು ತಕ್ಕಡಿಗೆ ಹಾಕಲೇಬೇಕು. 1864ರ ನವೆಂಬರ್‌ನಲ್ಲಿ, ಯುದ್ಧದ ನಡುವೆಯೇ, ಲಿಂಕನ್ ಚುನಾವಣೆ ನಡೆಸಿದ. ಎದುರಿಗೆ ನಿಂತವನು ಅವನೇ ಕೆಲಸದಿಂದ ತೆಗೆದಿದ್ದ ಜನರಲ್ ಮೆಕ್‌ಲೆಲನ್. ಆ ಬೇಸಿಗೆಯಲ್ಲಿ ತಾನು ಸೋಲುತ್ತೇನೆ ಅಂತ ಲಿಂಕನ್‌ಗೇ ಅನಿಸಿತ್ತು. ಆದರೂ ಮುಂದೂಡಲಿಲ್ಲ.

ಎರೆ ಹೊಲ, ಗದಗ

ನಮ್ಮ ಕಡೆಯ ಒಂದು ಸಂಗತಿ ಸೇರಿಸುತ್ತೇನೆ. ಈ ಯುದ್ಧ ನಮ್ಮ ಹೊಲದವರೆಗೂ ಬಂದಿತ್ತು.

ಬ್ರಿಟನ್ನಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣದ್ದು, ಗುಲಾಮರು ಬಿಡಿಸಿದ್ದು. ಹತ್ತಿ ನಿಲ್ಲಿಸಿದರೆ ಬ್ರಿಟನ್ ಓಡಿಬಂದು ನಮ್ಮ ಪರ ನಿಲ್ಲುತ್ತದೆ ಅಂತ ದಕ್ಷಿಣದವರು ನಂಬಿದ್ದರು. ಉತ್ತರದ ನೌಕಾಪಡೆ ಬಂದರುಗಳನ್ನು ಮುಚ್ಚಿತು. ಲ್ಯಾಂಕಾಶೈರ್‌ನಲ್ಲಿ ಗಿರಣಿ ನಿಂತವು, ಕೂಲಿಗಳು ಉಪವಾಸ ಬಿದ್ದರು. ಆಗ ಬ್ರಿಟಿಷ್ ವ್ಯಾಪಾರಿಗಳ ಕಣ್ಣು ಹಿಂದುಸ್ತಾನದ ಮೇಲೆ ಬಿತ್ತು. ಧಾರವಾಡ, ಗದಗ, ಹುಬ್ಬಳ್ಳಿ ಸುತ್ತ 1840ರ ದಶಕದಿಂದಲೇ ಅಮೆರಿಕದ ಬೀಜ ತಂದು ಬಿತ್ತಿದ್ದರು. ಅದಕ್ಕೆ ಪೇಟೆಯಲ್ಲಿ ಧಾರವಾಡ-ಅಮೆರಿಕನ್ ಅಂತಲೇ ಹೆಸರು. ನಮ್ಮ ಜವಾರಿ ಹತ್ತಿ ಕುಮಟಾ ಬಂದರಿನಿಂದ ಹೋಗುತ್ತಿದ್ದರಿಂದ ಅದನ್ನು ಕುಮಟಾ ಅನ್ನುತ್ತಿದ್ದರು. ಯುದ್ಧ ಶುರುವಾದಮೇಲೆ ದರ ಆಕಾಶಕ್ಕೆ ಹೋಯಿತು. ಧಾರವಾಡದ ಹತ್ತಿ ಸಾಗಿಸಲು ಕಾರವಾರ ಬಂದರು ಬೆಳೆಸಬೇಕು ಅಂತ ಮ್ಯಾಂಚೆಸ್ಟರ್‌ನವರು ಒತ್ತಾಯ ಹಾಕಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಬಂದರಿನ ವ್ಯವಹಾರ ಇತ್ತು. 1865ರಲ್ಲಿ ಯುದ್ಧ ನಿಂತಿತು, ದರ ಬಿತ್ತು, ಮುಂಬಯಿಯಲ್ಲಿ ಎಷ್ಟೋ ಕಂಪನಿಗಳು ಮುಳುಗಿದವು.

ಇದನ್ನು ಹೇಳಿದ್ದಕ್ಕೆ ಕಾರಣ ಇದೆ. ಹಸಿದಿದ್ದ ಮ್ಯಾಂಚೆಸ್ಟರ್ ಕೆಲಸಗಾರರು 1862ರ ಡಿಸೆಂಬರ್ 31ರಂದು ಸಭೆ ಸೇರಿ ಲಿಂಕನ್‌ಗೆ ಪತ್ರ ಬರೆದರು. ನಮಗೆ ಕಷ್ಟ ಆದರೂ ಪರವಾಗಿಲ್ಲ, ಗುಲಾಮಗಿರಿ ಹೋಗಲಿ, ನಾವು ನಿಮ್ಮ ಕಡೆ ಅಂದರು. ಲಿಂಕನ್ ಮುಂದಿನ ತಿಂಗಳು ಉತ್ತರ ಬರೆದು ಅವರಿಗೆ ತಲೆಬಾಗಿದ. ತಮ್ಮ ದೇಶಕ್ಕೆ ಲಾಭ ಯಾವುದು ಅಂತ ಅವರೂ ಲೆಕ್ಕ ಹಾಕಬಹುದಿತ್ತು. ಬ್ರಿಟನ್ನಿನ ದೊಡ್ಡವರಲ್ಲಿ ಎಷ್ಟೋ ಜನ ಹಾಗೆಯೇ ಲೆಕ್ಕ ಹಾಕಿ ದಕ್ಷಿಣದ ಕಡೆ ವಾಲಿದ್ದರು. ಹೊಟ್ಟೆಗಿಲ್ಲದವರು ಹಾಗೆ ಮಾಡಲಿಲ್ಲ.

ಹಳೇ ಮೈಸೂರು

ಎಲ್ಲರದ್ದೂ ಓದಿದೆ. ಗುಲಾಮಗಿರಿಯನ್ನು ನಾನು ಸಮರ್ಥಿಸುತ್ತಿಲ್ಲ, ಅದು ಸ್ಪಷ್ಟವಿರಲಿ. ಆದರೆ ದಕ್ಷಿಣದ ಸಿಪಾಯಿಗಳಲ್ಲಿ ಬಹಳ ಜನರ ಮನೆಯಲ್ಲಿ ಒಬ್ಬ ಗುಲಾಮನೂ ಇರಲಿಲ್ಲ. ಸೇನೆ ಊರಿಗೆ ನುಗ್ಗಿದಾಗ ಅವರು ಎದ್ದುನಿಂತರು. ಮನೆ ಕಾಯುವುದನ್ನು ದೇಶಭಕ್ತಿ ಅಲ್ಲ ಅನ್ನುವುದು ಹೇಗೆ?

ಕೊಡಗಿನ ಕಾಫಿ

ಮನೆ ಕಾಯುವುದು ಅಂದಿರಲ್ಲ, ಅಣ್ಣ. ದಕ್ಷಿಣದ ಗುಡ್ಡಗಾಡಿನ ಬಡವರಲ್ಲಿ ಬಹಳಷ್ಟು ಜನ ತಮ್ಮ ಮನೆಯನ್ನು ದಕ್ಷಿಣದ ಸರ್ಕಾರದಿಂದಲೇ ಕಾಯಬೇಕಾಯಿತು. ಟೆನ್ನೆಸ್ಸೀ ರಾಜ್ಯದ ಪೂರ್ವದ ಬೆಟ್ಟಗಳ ಜನ 1861ರ ಜೂನ್‌ನಲ್ಲಿ ಒಕ್ಕೂಟ ಬಿಡುವುದಕ್ಕೆ ವಿರುದ್ಧವಾಗಿ ಭಾರೀ ಬಹುಮತದಿಂದ ಮತ ಹಾಕಿದ್ದರು. ಅದೇ ನವೆಂಬರ್‌ನಲ್ಲಿ ಅವರು ರೈಲು ಸೇತುವೆ ಸುಟ್ಟಾಗ, ಸಿಕ್ಕವರಲ್ಲಿ ಕೆಲವರನ್ನು ದಕ್ಷಿಣದ ಸರ್ಕಾರ ನೇಣಿಗೆ ಹಾಕಿತು. ವರ್ಜೀನಿಯಾದ ಪಶ್ಚಿಮದ ಬೆಟ್ಟದವರು ವರ್ಜೀನಿಯಾವನ್ನೇ ಬಿಟ್ಟು 1863ರ ಜೂನ್ 20ರಂದು ಬೇರೆ ರಾಜ್ಯ ಆದರು. ಬಿಟ್ಟುಹೋಗುವ ಹಕ್ಕು ರಾಜ್ಯಕ್ಕಿದ್ದರೆ ಜಿಲ್ಲೆಗೆ ಯಾಕಿಲ್ಲ? ದಕ್ಷಿಣ ಕೆರೊಲಿನಾ ಒಂದನ್ನು ಬಿಟ್ಟು, ದಕ್ಷಿಣದ ಪ್ರತಿಯೊಂದು ರಾಜ್ಯದ ಬಿಳಿಯರೂ ಒಕ್ಕೂಟದ ಸೇನೆಗೆ ದಳ ಕಟ್ಟಿ ಕೊಟ್ಟಿದ್ದಾರೆ.

ಕಡ್ಡಾಯ ಸೈನಿಕ ಸೇವೆಯನ್ನು ಮೊದಲು ತಂದಿದ್ದೂ ದಕ್ಷಿಣವೇ, 1862ರ ಏಪ್ರಿಲ್‌ನಲ್ಲಿ. ಉತ್ತರ ತಂದಿದ್ದು ಮುಂದಿನ ವರ್ಷ. 1862ರ ಅಕ್ಟೋಬರ್‌ನಲ್ಲಿ ದಕ್ಷಿಣದವರು, 20 ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಂತೆ ವಿನಾಯಿತಿ ಕೊಟ್ಟರು. ಸಾಹುಕಾರನ ಯುದ್ಧ, ಬಡವನ ಸಾವು ಅನ್ನುವ ಮಾತು ಹಳ್ಳಿಹಳ್ಳಿಯಲ್ಲಿ ಹಬ್ಬಿತು. ಮಿಸಿಸಿಪ್ಪಿಯ ಜೋನ್ಸ್ ಕೌಂಟಿಯಲ್ಲಿ ನ್ಯೂಟನ್ ನೈಟ್ ಅನ್ನುವ ರೈತ, ಸೇನೆ ಬಿಟ್ಟುಬಂದವರನ್ನು ಕಟ್ಟಿಕೊಂಡು ಜೌಗು ಕಾಡಿನಲ್ಲಿ ಅಡಗಿ ದಕ್ಷಿಣದ ಸೇನೆಯ ವಿರುದ್ಧವೇ ಕಾದಾಡಿದ. ಅವನ ನೆಲ ಅದು, ಅಲ್ವಾ?

ಜೇಮ್ಸ್ ನದಿ ದಂಡೆ

ಕಾಫಿ ಅವರು ಹೇಳಿದ್ದಕ್ಕೆ ನಮ್ಮ ಊರಿನ ಒಬ್ಬ ಹೆಣ್ಣುಮಗಳನ್ನು ಸೇರಿಸುತ್ತೇನೆ. ಎಲಿಜಬೆತ್ ವಾನ್ ಲೂ. ರಿಚ್ಮಂಡ್‌ನ ಚರ್ಚ್ ಹಿಲ್ ಬಡಾವಣೆಯ ಶ್ರೀಮಂತ ಮನೆತನದವಳು. ಯುದ್ಧದುದ್ದಕ್ಕೂ ಇಲ್ಲಿಯ ಬಂದೀಖಾನೆಯಲ್ಲಿದ್ದ ಒಕ್ಕೂಟದ ಸೈನಿಕರಿಗೆ ಊಟ, ಪುಸ್ತಕ ತಲುಪಿಸಿ, ತಪ್ಪಿಸಿಕೊಳ್ಳಲು ನೆರವಾಗಿ, ಉತ್ತರದ ಸೇನೆಗೆ ಗುಪ್ತ ಸುದ್ದಿ ಕಳಿಸುತ್ತಿದ್ದಳು. ಯುದ್ಧ ಮುಗಿದಮೇಲೆ, ಉತ್ತರದ ಸೇನೆ ನಡೆಸಿದ್ದ ಗ್ರಾಂಟ್ ಅಧ್ಯಕ್ಷನಾದಾಗ ಅವಳನ್ನು ರಿಚ್ಮಂಡ್‌ನ ಅಂಚೆ ಮುಖ್ಯಸ್ಥೆಯಾಗಿ ನೇಮಿಸಿದ. ಊರಿನವರು ಅವಳನ್ನು ಸಾಯುವವರೆಗೆ ದೂರವೇ ಇಟ್ಟರು. ಸಮಾಧಿಗೆ ಕಲ್ಲು ಹಾಕಿಸಿದವರು ಮಸಾಚುಸೆಟ್ಸ್‌ನ ಜನ. ಲೀಗೆ ಆ ಎತ್ತರದ ಪ್ರತಿಮೆ ನಿಲ್ಲಿಸಿದ ಊರು ಇದೇ.

ಥಾಮಸ್ ಬಗ್ಗೆಯೂ ಒಂದು ಮಾತು. ಚಟನೂಗ ಊರಿನಲ್ಲಿ ಅವನು ಸತ್ತ ಸೈನಿಕರಿಗೆ ಸ್ಮಶಾನ ಮಾಡಿಸಿದ. ರಾಜ್ಯವಾರು ಬೇರೆಬೇರೆಯಾಗಿ ಹೂಳೋಣವಾ ಅಂತ ಪಾದ್ರಿ ಕೇಳಿದಾಗ, ಬೇಡ, ಎಲ್ಲರನ್ನೂ ಬೆರೆಸಿಬಿಡಿ, ಈ ರಾಜ್ಯಗಳ ಹಕ್ಕು ಕೇಳಿ ಕೇಳಿ ಸಾಕಾಗಿದೆ ಅಂದನಂತೆ.

ಹಳೇ ಮೈಸೂರು

ಲೀ ಬಗ್ಗೆ ಒಂದು ಮಾತು ಉಳಿದಿದೆ. 1865ರ ಏಪ್ರಿಲ್ 9ರಂದು ಶರಣಾಗುವ ಮೊದಲು, ಸೇನೆ ಚದುರಿ ಕಾಡು ಸೇರಿ ಹೋರಾಟ ಮುಂದುವರಿಸೋಣ ಅಂತ ಅವನ ಅಧಿಕಾರಿ ಪೋರ್ಟರ್ ಅಲೆಕ್ಸಾಂಡರ್ ಸೂಚಿಸಿದ. ಲೀ ಒಪ್ಪಲಿಲ್ಲ. ಹಾಗೆ ಮಾಡಿದ್ದರೆ ಗೆರಿಲ್ಲಾ ಯುದ್ಧ ಎಷ್ಟು ವರ್ಷ ಎಳೆಯುತ್ತಿತ್ತೋ. 1863ರಲ್ಲಿ ದೊಡ್ಡ ಕಾಳಗ ನಡೆದಿದ್ದ ಗೆಟ್ಟಿಸ್‌ಬರ್ಗ್‌ನಲ್ಲಿ ಸ್ಮಾರಕ ಗುರುತು ಹಾಕಲು 1869ರಲ್ಲಿ ಕರೆದಾಗ, ಯುದ್ಧದ ಗಾಯಗಳನ್ನು ಕೆದಕಿಡುವುದು ಬೇಡ ಅಂತ ಬರೆದ. ದೇಶ ಮತ್ತೆ ಒಂದಾಗಿದ್ದರಲ್ಲಿ ಅವನ ಪಾಲೂ ಇದೆ.

ಕಾನೂನು ಪುಸ್ತಕ

ಶರಣಾಗತಿಯ ದಿನದ ತೀರ್ಮಾನ ದೊಡ್ಡದು, ಒಪ್ಪುತ್ತೇನೆ. ಆದರೆ 1866ರ ಫೆಬ್ರವರಿಯಲ್ಲಿ ಕಾಂಗ್ರೆಸ್ ಸಮಿತಿಯ ಮುಂದೆ ಸಾಕ್ಷಿ ಹೇಳುವಾಗ, ಕರಿಯರಿಗೆ ಈಗ ಮತದ ಹಕ್ಕು ಕೊಡಬಾರದು ಅಂದವನೂ ಅದೇ ಲೀ. ಅವರು ವರ್ಜೀನಿಯಾದಿಂದ ಹೋದರೆ ರಾಜ್ಯಕ್ಕೆ ಒಳ್ಳೆಯದು ಅಂತಲೂ ಹೇಳಿದ.

ಇನ್ನು ದೇಶ ಒಂದಾದ ಬಗೆ. 1913ರಲ್ಲಿ ಗೆಟ್ಟಿಸ್‌ಬರ್ಗ್ ಕಾಳಗಕ್ಕೆ 50 ವರ್ಷ ತುಂಬಿತು. ಎರಡೂ ಕಡೆಯ 50,000ಕ್ಕೂ ಹೆಚ್ಚು ಮುದುಕ ಸೈನಿಕರು ಸೇರಿದರು. ಹಿಂದೆ ಒಬ್ಬರನ್ನೊಬ್ಬರು ಕೊಂದ ಕಲ್ಲು ಗೋಡೆಯ ಮೇಲೆ ಕೈ ಕುಲುಕಿದರು. ಅಧ್ಯಕ್ಷ ವಿಲ್ಸನ್ ಬಂದು ಭಾಷಣ ಮಾಡಿದ. ಅದೇ ವರ್ಷ ಅದೇ ವಿಲ್ಸನ್ ಸರ್ಕಾರ ವಾಷಿಂಗ್ಟನ್‌ನ ಕಚೇರಿಗಳಲ್ಲಿ ಕರಿಯ ನೌಕರರನ್ನು ಬೇರೆ ಕೂರಿಸಲು ಶುರು ಮಾಡಿತು. ದಕ್ಷಿಣದ ರಾಜ್ಯಗಳಲ್ಲಿ ಅವರ ಮತ ಆಗಲೇ ಹೋಗಿತ್ತು. ಬಿಳಿಯರಿಬ್ಬರು ಅಪ್ಪಿಕೊಂಡ ಒಗ್ಗಟ್ಟಿಗೆ ಬೆಲೆ ತೆತ್ತವರು ಮೂರನೆಯವರು.

ಶಿವಮೊಗ್ಗ ಟೀಚರ್

ಆ ಮೂರನೆಯವರು ಮೊದಲು ಮಾಡಿದ ಕೆಲಸವನ್ನೂ ಹೇಳಿಬಿಡುತ್ತೇನೆ. ಚಾರ್ಲ್ಸ್‌ಟನ್‌ನಲ್ಲಿ ಕುದುರೆ ರೇಸ್ ಮೈದಾನವನ್ನು ದಕ್ಷಿಣದವರು ಬಂದೀಖಾನೆ ಮಾಡಿಕೊಂಡಿದ್ದರು. ಅಲ್ಲಿ ಸತ್ತ 257 ಒಕ್ಕೂಟದ ಸೈನಿಕರನ್ನು ಹಾಗೇ ಗುಂಡಿಗೆ ಹಾಕಿದ್ದರು. ಆಗ ತಾನೇ ಬಿಡುಗಡೆಯಾದ ಕರಿಯರು ಅವರನ್ನು ಹೊರತೆಗೆದು, ಒಬ್ಬೊಬ್ಬರಿಗೂ ಬೇರೆ ಗುಂಡಿ ತೋಡಿ ಹೂತು, ಸುತ್ತ ಬೇಲಿ ಕಟ್ಟಿದರು. 1865ರ ಮೇ 1ರಂದು ಸುಮಾರು 10,000 ಜನ ಮೆರವಣಿಗೆ ಬಂದರು. ಮುಂದೆ ಶಾಲೆಯ ಮಕ್ಕಳು ಹೂ ಹಿಡಿದಿದ್ದರು.

ಜೇಮ್ಸ್ ನದಿ ಸರ್, ನೀವು ಅಮೆರಿಕದಲ್ಲಿರುವವರು, ನಿಮಗೆ ಇದು ಹತ್ತಿರದ ವಿಷಯ. ಈ ಯುದ್ಧದಿಂದ ಹುಟ್ಟಿದ್ದು 1868ರ 14ನೇ ತಿದ್ದುಪಡಿ. ಆ ನೆಲದಲ್ಲಿ ಹುಟ್ಟಿ ಅದರ ಕಾನೂನಿಗೆ ಒಳಪಟ್ಟವರೆಲ್ಲ ಪೌರರು ಅಂತ ಅದು ಹೇಳಿತು. ಡ್ರೆಡ್ ಸ್ಕಾಟ್ ತೀರ್ಪನ್ನು ಅಳಿಸಿದ ವಾಕ್ಯ ಅದು. ಅಲ್ಲಿ ಹುಟ್ಟಿದ ನಮ್ಮ ಕನ್ನಡದ ಮನೆಗಳ ಮಕ್ಕಳಿಗೆ ಅಮೆರಿಕದ ಪಾಸ್‌ಪೋರ್ಟ್ ಸಿಗುತ್ತಿರುವುದೂ ಆ ವಾಕ್ಯದಿಂದಲೇ. ಗುಡಿಂಗ್, ವಾಕರ್ ಥರದವರು ದುಡಿದು ತಂದಿದ್ದರಲ್ಲಿ ನಮ್ಮವರಿಗೂ ಪಾಲು ಬಂದಿದೆ. 2025ರ ಜನವರಿಯಲ್ಲಿ ಅಧ್ಯಕ್ಷರು ಅದನ್ನು ಕಿರಿದು ಮಾಡುವ ಆದೇಶ ಹೊರಡಿಸಿದರು, ವಿಷಯ ಕೋರ್ಟಿಗೆ ಹೋಯಿತು. 'ಅದರ ಕಾನೂನಿಗೆ ಒಳಪಟ್ಟವರು' ಅಂದರೆ ಯಾರು ಅನ್ನುವುದರ ಮೇಲೆ ವಾದ ನಡೆಯಿತು. ಕಾನೂನು ಪುಸ್ತಕ ಅವರೇ, ಪುರುಸೊತ್ತಾದಾಗ 1898ರ ವಾಂಗ್ ಕಿಮ್ ಆರ್ಕ್ ತೀರ್ಪಿನ (ಅಲ್ಲಿ ಹುಟ್ಟಿದ ಚೀನೀ ದಂಪತಿಯ ಮಗ ಪೌರನೇ ಅಂದ ತೀರ್ಪು) ಬಗ್ಗೆ ಬೇರೆ ಚರ್ಚೆ ಶುರು ಮಾಡಿ. ನಾನು ಬರುತ್ತೇನೆ.